ಮಳಖೇಡದಲ್ಲಿ ಡೇರೆ ಹಾಕುವವರಿಗೆ

ಸಂಕ್ರಾಂತಿ ಮುಗಿದು ನಾಲ್ಕೈದು ದಿನವಾಗಿತ್ತು. ಸ್ಟಾಫ್ ರೂಮಿನ ಮೇಜಿನ ಮೇಲಿದ್ದ ಕುಸುರೆಳ್ಳಿನ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಹುಡುಗನೆಂದರೆ ಮೂವತ್ತರ ಆಸುಪಾಸಿನವನು. ನನ್ನ ವಯಸ್ಸಿಗೆ ಅವರೆಲ್ಲ ಹುಡುಗರೇ. ಚಿಂಚೋಳಿ ಕಡೆಯವನು. ಬೆಂಗಳೂರಿನಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ನೌಕರಿ ಮಾಡಿ, ಊರ ಕಡೆ ಏನಾದರೂ ಮಾಡಬೇಕೆಂಬ ಹಂಬಲದಿಂದ ಮರಳಿದವನು. ಹುಡುಗ ಒಳ್ಳೆಯವನೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬೈಯಲಿರುವುದು ಅವನನ್ನಲ್ಲ.

ಅವನ ಕೈಯಲ್ಲಿ ನುಣುಪು ಕಾಗದದ ಒಂದು ಪುಸ್ತಿಕೆ ಇತ್ತು. ಬಿಳಿಯ ಡೇರೆಗಳ ಚಿತ್ರ. ಡೇರೆಯೊಳಗೆ ಮಂಚ, ಮೆತ್ತೆ, ಕೂಲರು, ಹಿಂಬದಿಗೆ ಹೊಂದಿಕೊಂಡ ಬಚ್ಚಲು. ಹೊರಗೆ ಬೆಂಕಿ ಹಾಕಿಕೊಂಡು ಕುಳಿತ ಜನ.

"ಮೇಡಂ, ಮಳಖೇಡದ ಹತ್ರ ಇಂಥಾ ಡೇರೆ ಹಾಕಬೇಕಂತ ಮಾಡೀವ್ರಿ. ಹೈದರಾಬಾದು, ಬೆಂಗಳೂರಿನ ಮಂದಿ ಬಂದು ಒಂದು ರಾತ್ರಿ ಉಳಕೋತಾರ. ಇದಕ್ಕ ಗ್ಲ್ಯಾಂಪಿಂಗ್ ಅಂತಾರ್ರಿ. ಕವಿಗಳ ಊರಂತ ಹೆಸರಿಡ್ತೀವಿ. ನೀವು ಕವಿರಾಜಮಾರ್ಗದ ಮ್ಯಾಲ ನಾಕು ಸಾಲು ಬರದು ಕೊಡಬೇಕ್ರಿ."

ಡೇರೆಯಲ್ಲಿ ಮಲಗುವುದು ನನಗೆ ಗೊತ್ತು, ಡೌಲೂ ಗೊತ್ತು. ಎರಡನ್ನೂ ಕೂಡಿಸಿ ಒಂದು ಹೆಸರು ಮಾಡಿದ್ದಾರೆಂಬುದು ಅಂದೇ ಗೊತ್ತಾದದ್ದು. ಇಬ್ಬರಿಗೆ ಒಂದು ರಾತ್ರಿಯ ದರ ಕೇಳಿದೆ. ಅವನು ಸಂಕೋಚದಿಂದಲೇ ಹೇಳಿದ, ಆರೂವರೆ ಸಾವಿರ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳ ಒಂದು ತಿಂಗಳ ಗೌರವಧನಕ್ಕಿಂತ ಹೆಚ್ಚು. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟ ಅದರಲ್ಲೇ ಸೇರಿತ್ತು. ರಾತ್ರಿ ತಾಂಡಾದ ಹೆಣ್ಣುಮಕ್ಕಳಿಂದ ಕುಣಿತ.

ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ಮಳಖೇಡದ ಕೋಟೆ ನೋಡಲಿಕ್ಕೆ ಬಂದ ಒಂದು ಹೆಣ್ಣು ಹುಡುಗಿಗೆ ಸಂಡಾಸ ಎಲ್ಲದ?"

ಅವನು ಪುಸ್ತಿಕೆಯ ಹಾಳೆ ತಿರುವಿ, "ಡೇರೆಯೊಳಗ ಅದರೀ ಮೇಡಂ" ಎಂದ.

ಆರೂವರೆ ಸಾವಿರ ಕೊಟ್ಟವರಿಗೆ ಇದೆ ಎಂದಾಯಿತು. ಈ ಪ್ರಬಂಧ ಬರೆಯಲು ಆ ಉತ್ತರವೇ ಕಾರಣ.

ನಾನು 28 ವರ್ಷದಿಂದ ಮಾಸ್ತರಿಕೆ ಮಾಡುತ್ತಿರುವವಳು. ಹುಟ್ಟಿದ್ದು ಶಹಾಬಾದಿನಲ್ಲಿ. ನಮ್ಮಪ್ಪ ಅಲ್ಲಿನ ಫರಸಿ ಖಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಈಗಲೂ ಅಲ್ಲಿಂದಲೇ ಬೆಳಿಗ್ಗೆ ರೈಲು ಹಿಡಿದು, ವಾಡಿಯಲ್ಲಿ ಬದಲಿಸಿ, ಚಿತ್ತಾಪುರಕ್ಕೆ ಬರುತ್ತೇನೆ. ಅದೇ ಗಾಡಿಯಲ್ಲಿ ಮುಂದೆ ಸೇಡಂ ಕಡೆಗೆ ಹೋದರೆ ದಾರಿಯಲ್ಲಿ ಮಳಖೇಡ ರೋಡ್ ಎಂಬ ಸಣ್ಣ ಸ್ಟೇಷನ್ ಇದೆ. ಇಷ್ಟು ಹತ್ತಿರವಿದ್ದರೂ ನನ್ನ ತರಗತಿಯಲ್ಲಿ ಮಳಖೇಡದ ಕೋಟೆ ಕಂಡವರು ಕೈ ಎತ್ತಿರೆಂದರೆ ಏಳುವ ಕೈಗಳು ಪ್ರತಿ ವರ್ಷ ಬೆರಳೆಣಿಕೆಯಷ್ಟು. ಟೀಕಾಚಾರ್ಯರ ಆರಾಧನೆಗೆ ಮನೆಯವರ ಜೊತೆ ಹೋದವರು ಒಬ್ಬಿಬ್ಬರು, ಆ ಊರಲ್ಲಿ ನೆಂಟರಿದ್ದವರು ಒಬ್ಬಿಬ್ಬರು, ಅಷ್ಟೇ.

2018ರಲ್ಲಿ ಈ ನಾಚಿಕೆ ತಡೆಯಲಾರದೆ ಒಂಬತ್ತನೆಯ ತರಗತಿಯ ನಲವತ್ತು ಹುಡುಗಿಯರನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹೋದೆ. ಕಾಗಿಣಾ ದಂಡೆ, ಕೋಟೆಯ ಬಾಗಿಲು, ಬುರುಜು, ನೇಮಿನಾಥ ಬಸದಿ ಎಲ್ಲ ನೋಡಿದೆವು. ಹುಡುಗಿಯರು ಖುಷಿಯಾಗಿದ್ದರು. ಹನ್ನೆರಡು ಗಂಟೆಯ ಹೊತ್ತಿಗೆ ಒಬ್ಬಳು ಬಂದು ಕಿವಿಯಲ್ಲಿ ಹೇಳಿದಳು, ಆಮೇಲೆ ಮತ್ತೊಬ್ಬಳು, ಆಮೇಲೆ ಹತ್ತು ಜನ. ಬಯಲಿಗೆ ಹೋಗೋಣವೆಂದರೆ ಹಗಲು ಹೊತ್ತು, ರಸ್ತೆಯ ಮೇಲೆ ಲಾರಿಗಳ ಸಾಲು. ಆ ದಿನ ನಮಗೆ ಬಾಗಿಲಿರುವ ಒಂದು ಜಾಗ ಸಿಗಲಿಲ್ಲ. ಕಡೆಗೆ ಕೋಟೆಯ ಹತ್ತಿರದ ಒಂದು ಮನೆಯ ಮುದುಕಿ ನಮ್ಮ ಪರದಾಟ ನೋಡಿ ತನ್ನ ಮನೆಯ ಸಂಡಾಸಿನ ಬಾಗಿಲು ತೆಗೆದಳು. ನಲವತ್ತು ಹುಡುಗಿಯರಿಗೆ ಎಷ್ಟು ಕೊಡ ನೀರು ಬೇಕು ಎಂಬುದನ್ನು ನೀರು ಹೊತ್ತವರು ಮಾತ್ರ ಬಲ್ಲರು. ಅವಳೂ ಅವಳ ಸೊಸೆಯೂ ಹೊತ್ತರು. ನಾನು ಹಣ ಕೊಡಹೋದರೆ ಕೈ ಝಾಡಿಸಿದಳು.

"ಏನ್ ನೋಡಲಾಕ ಬಂದಿರೆವ್ವಾ ಇಷ್ಟ್ ಮಂದಿ? ಗ್ವಾಡಿ ನೋಡಲಾಕೇನ?" ಎಂದು ಕೇಳಿದಳು.

"ಕನ್ನಡದಾಗ ನಮಗ ಸಿಕ್ಕ ಎಲ್ಲಕ್ಕೂ ಹಳೆಯ ಪುಸ್ತಕ ಹುಟ್ಟಿದ್ದು ನಿಮ್ಮೂರಾಗ ಅಜ್ಜೀ" ಎಂದೆ.

"ಹೌದೇನ? ನಮಗ ಯಾರೂ ಹೇಳೇ ಇಲ್ಲ ನೋಡ್" ಎಂದಳು.

ಆ ಮರುವರ್ಷ ನಾನು ಹುಡುಗಿಯರನ್ನು ಮಳಖೇಡಕ್ಕೆ ಕರೆದೊಯ್ಯಲಿಲ್ಲ. ಆಮೇಲೂ ಒಯ್ಯಲಿಲ್ಲ. ಮಳಖೇಡ ನನ್ನ ಪಾಲಿಗೆ ಮತ್ತೆ ಎರಡು ಅಂಕದ ಪ್ರಶ್ನೆಯಾಯಿತು.

ಆ ಮುದುಕಿಗೆ ಯಾರೂ ಹೇಳದಿದ್ದ ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಇಂದಿನ ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕ್ರಿ.ಶ. 814ರಿಂದ 60 ವರ್ಷಕ್ಕೂ ಹೆಚ್ಚು ಕಾಲ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ಕವಿರಾಜಮಾರ್ಗ ಹುಟ್ಟಿತು. ಅದನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ಪಂಡಿತರು ಬಹುಕಾಲ ಚರ್ಚಿಸಿದ್ದಾರೆ. ಶ್ರೀವಿಜಯನ ಕಡೆಗೇ ಈಗ ಹೆಚ್ಚಿನವರ ಒಲವು. ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಇದೇ ದೊರೆಯನ್ನು ಹೊಗಳಿದ್ದಾನೆ. ವ್ಯಾಕರಣಕಾರ ಶಾಕಟಾಯನ ತನ್ನ ವೃತ್ತಿಗೆ ಅಮೋಘವೃತ್ತಿ ಎಂದು ಹೆಸರಿಟ್ಟ. ಆದಿಪುರಾಣದ ಜಿನಸೇನಾಚಾರ್ಯರು ಈ ದೊರೆಯ ಗುರುಗಳು. 851ರ ಅರಬ್ ವರ್ತಕ ಸುಲೈಮಾನನ ಬರಹದಲ್ಲಿ ಈ ರಾಜ್ಯದ ಅರಸನು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ ಇವರ ಸಾಲಿನಲ್ಲಿ ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬ. ನೂರು ವರ್ಷದ ಮೇಲೆ ಇದೇ ವಂಶದ ಮೂರನೆಯ ಕೃಷ್ಣ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ.

ಈಗ ವಸತಿಯ ವಿಷಯಕ್ಕೆ ಬರುತ್ತೇನೆ. ಮಳಖೇಡದ ಹೊರಗೆ ಬಯಲಿನಲ್ಲಿ ಬಿಡಾರ ಮಾಡಿದ ಕವಿಯೊಬ್ಬನಿದ್ದ. ಹೆಸರು ಪುಷ್ಪದಂತ. ಅಪಭ್ರಂಶ ಭಾಷೆಯ ಮಹಾಕವಿ. ದೂರದಿಂದ ನಡೆದು ದಣಿದು ಬಂದವನು ಪಟ್ಟಣದೊಳಗೆ ಹೋಗದೆ ಹೊರಗಿನ ತೋಪಿನಲ್ಲಿ ಕುಳಿತುಬಿಟ್ಟ. ಇಬ್ಬರು ಬಂದು, ಇಲ್ಲೇಕೆ ಕುಳಿತಿರಿ, ಒಳಗೆ ಬನ್ನಿ ಎಂದರು. ದುಷ್ಟ ದೊರೆಗಳ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದು ಮೇಲು ಎಂಬ ಅರ್ಥದ ಮಾತನ್ನು ಅವನು ಆಡಿದ. ಬಿಡದೆ ಅವರು ಅವನನ್ನು ಮಂತ್ರಿ ಭರತನ ಬಳಿಗೆ ಕರೆದೊಯ್ದರು. ಭರತ ಅವನನ್ನು ಮನೆಯಲ್ಲಿಟ್ಟುಕೊಂಡು, ಉಪಚರಿಸಿ, ಬರೆ ಎಂದ. 959ರಲ್ಲಿ ಆರಂಭಿಸಿ 965ರಲ್ಲಿ ಮುಗಿಸಿದ ಮಹಾಪುರಾಣ ಹೀಗೆ ಆಯಿತು. ಇದೆಲ್ಲ ಅವನೇ ತನ್ನ ಕಾವ್ಯದ ಮೊದಲಿಗೆ ಹೇಳಿಕೊಂಡದ್ದು. 972ರಲ್ಲಿ ಮಾಳವದ ಪರಮಾರ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಕೊಳ್ಳೆಹೊಡೆದಾಗ ಆ ಕವಿ ಅತ್ತದ್ದು ತನ್ನ ವಸತಿ ಹೋಯಿತಲ್ಲ, ಇನ್ನು ತಾನೆಲ್ಲಿ ನೆಲೆಸುವುದು ಎಂದು.

ಹೊರಗೆ ಕುಳಿತವನನ್ನು ಒಳಗೆ ಕರೆದ ಊರು ಇದು. ಕರೆದವರು ಮೊದಲು ಅವನ ಕಿಸೆ ಮುಟ್ಟಿ ನೋಡಲಿಲ್ಲ. ನಲವತ್ತು ಹುಡುಗಿಯರಿಗೆ ಬಾಗಿಲು ತೆಗೆದ ಆ ಮುದುಕಿ ಭರತನ ಹೆಸರು ಕೇಳಿದವಳಲ್ಲ. ಆದರೆ ಸಾವಿರ ವರ್ಷದ ಮೇಲೂ ಭರತನ ಕೆಲಸವನ್ನು ಅವಳೇ ಮಾಡಿದಳು. ಈ ಊರಿನ ಸಾಹಿತ್ಯ ಪರಂಪರೆ ಎಂದು ಪುಸ್ತಿಕೆಯಲ್ಲಿ ಅಚ್ಚು ಹಾಕುವುದಾದರೆ ಅವಳ ಹೆಸರನ್ನು ಮೊದಲು ಹಾಕಬೇಕು.

ಹುಡುಗ ಪುಸ್ತಿಕೆಯ ಒಂದು ಪ್ರತಿಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದ. ಮರುದಿನ ನೋಟುಬುಕ್ಕುಗಳ ಜೊತೆ ಅದು ಎಂಟನೆಯ ತರಗತಿಗೆ ಬಂತು. ಮುಂದಿನ ಸಾಲಿನ ಒಂದು ಹುಡುಗಿ ಅದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಅವಳ ತಂದೆ-ತಾಯಿ ಕಲ್ಲು ಒಡೆಯುವವರು. ಖಣಿ ಎಲ್ಲಿಯೋ ಅವರ ಬಿಡಾರ ಅಲ್ಲಿ. ನಾಲ್ಕು ಗಳ ನೆಟ್ಟು ಮೇಲೆ ತಾಡಪತ್ರಿ ಹೊದಿಸಿದರೆ ಮನೆ. ಮಳೆಗಾಲದಲ್ಲಿ ಅವಳ ಪುಸ್ತಕಗಳು ಒದ್ದೆಯಾಗಿ ಉಬ್ಬಿರುತ್ತವೆ.

"ಮೇಡಂ, ಇವ್ರಿಗಿ ಮನಿ ಇಲ್ಲೇನ್ರಿ?" ಎಂದು ಕೇಳಿದಳು.

"ಅವ ಅವ್ವಾ, ದೊಡ್ಡ ದೊಡ್ಡ ಮನಿ ಅವ" ಎಂದೆ.

"ಮತ್ಯಾಕ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಈ ಭಾಗದಲ್ಲಿ ಡೇರೆ ಎಂದರೆ ಯಾರಿಗೂ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಕುರುಬರು ಹೊಲದಲ್ಲಿ ಕುರಿ ನಿಲ್ಲಿಸಿ ನಕ್ಷತ್ರದ ಕೆಳಗೆ ಕಂಬಳಿ ಹೊದ್ದು ಮಲಗುತ್ತಾರೆ. ಚಿಂಚೋಳಿಯ ತಾಂಡಾಗಳಿಂದ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಪುಣೆ-ಮುಂಬಯಿ-ಹೈದರಾಬಾದಿಗೆ ಹೋದ ಕುಟುಂಬಗಳು ವರ್ಷದಲ್ಲಿ ಆರು ತಿಂಗಳು ತಾಡಪತ್ರಿಯ ಕೆಳಗೇ ಇರುತ್ತವೆ. ಬಯಲಲ್ಲಿ ಮಲಗುವುದು ಯಾರಿಗೆ ದಿನದ ಪಾಡೋ ಅವರ ನೆಲದಲ್ಲಿ, ಅದನ್ನೇ ಮೋಜು ಮಾಡಿ ಮಾರಬೇಕೆಂದರೆ ಸ್ವಲ್ಪವಾದರೂ ನಾಚಿಕೆ ಬೇಕು. ತಾಂಡಾದ ಹೆಣ್ಣುಮಗಳು ಬೇರೆ ಊರಿನ ತಾಡಪತ್ರಿಯಿಂದ ತನ್ನೂರಿಗೆ ಮರಳಿ ಬಂದು, ಇಲ್ಲಿ ಮೆತ್ತೆ ಹಾಕಿದ ಡೇರೆಯ ಮುಂದೆ ಕುಣಿಯಬೇಕು ಎಂಬುದು ಯಾವ ಅಭಿವೃದ್ಧಿ?

ಕವಿರಾಜಮಾರ್ಗದ ಅತಿ ಪ್ರಸಿದ್ಧವಾದ ಒಂದು ಮಾತು ಈ ಜನರನ್ನು ಕುರಿತದ್ದೇ ಆಗಿದೆ. ಕಾವೇರಿಯಿಂದ ಗೋದಾವರಿಯ ತನಕ ಹರಡಿದ ಈ ನಾಡಿನವರು ಕುರಿತು ಓದದಿದ್ದರೂ ಕಾವ್ಯವನ್ನು ಬಳಸುವುದರಲ್ಲಿ ಪಳಗಿದ ಬುದ್ಧಿಯುಳ್ಳವರು ಎಂದು ಗ್ರಂಥಕಾರ ಹೊಗಳುತ್ತಾನೆ. ಪುಸ್ತಿಕೆಗೆ ನಾಲ್ಕು ಸಾಲು ಬೇಕಾದರೆ ಎಲ್ಲರೂ ಮೊದಲು ಎತ್ತಿಕೊಳ್ಳುವುದು ಈ ಮಾತನ್ನೇ. ಆದರೆ ಯಾರನ್ನು ಹೊಗಳಿದೆಯೋ ಅವರಿಗೆ ಆ ಡೇರೆಗಳಲ್ಲಿ ಸಿಗುವ ಕೆಲಸ ಯಾವುದು? ರಾತ್ರಿ ಕಾವಲು, ಪಾತ್ರೆ ತೊಳೆಯುವುದು, ಬೆಂಕಿಗೆ ಕಟ್ಟಿಗೆ ಒಟ್ಟುವುದು. ಹೊಗಳಿಕೆ ಗೋಡೆಯ ಮೇಲೆ, ಹೊಗಳಿಸಿಕೊಂಡವರು ಗೋಡೆಯ ಹೊರಗೆ.

ನಮ್ಮ ಗಣಿತದ ಮಾಸ್ತರರು ಇದಕ್ಕೆ ಒಪ್ಪುವುದಿಲ್ಲ. ಅವರ ವಾದವನ್ನೂ ನಾನು ನ್ಯಾಯವಾಗಿ ಹೇಳಬೇಕು. "ಮೇಡಂ, ನೀವು ಬರೇ ಬೈತೀರಿ. ಕಾವಲಿನ ಕೆಲಸ ಆದ್ರೂ ಕೆಲಸನೇ ಅಲ್ಲೇನ್ರಿ? ಊರ ಹುಡುಗರು ಮುಂಬಯಿಗಿ ಹೋಗೋದು ತಪ್ಪತದ. 2019ರಾಗ ಕಲಬುರಗಿಗಿ ವಿಮಾನ ನಿಲ್ದಾಣ ಆಯ್ತು. ಮಂದಿ ಬಂದ್ರ ಉಳಿಲಾಕ ಜಾಗ ಬ್ಯಾಡೇನು? ನೀವು ಸಂಡಾಸ ಸಂಡಾಸ ಅಂತ ಕುಂತ್ರ ಸಂಡಾಸೂ ಆಗಂಗಿಲ್ಲ, ಡೇರೆನೂ ಆಗಂಗಿಲ್ಲ."

ಮಾತಿನಲ್ಲಿ ಸತ್ಯವಿದೆ. ನಾನು ಡೇರೆಯ ವೈರಿಯೂ ಅಲ್ಲ. ಗೈಡ್ ಹುಡುಗಿಯರನ್ನು ಕರೆದುಕೊಂಡು ಚಿಂಚೋಳಿಯ ಚಂದ್ರಂಪಳ್ಳಿ ಕೆರೆಯ ಕಡೆ ಎರಡು ರಾತ್ರಿ ಡೇರೆಯಲ್ಲಿ ಕಳೆದವಳು ನಾನು. ಒಣ ಭೂಮಿಯ ಈ ಜಿಲ್ಲೆಯಲ್ಲಿ ಅಷ್ಟು ಹಸಿರಿದೆಯೆಂದು ನನ್ನ ಹುಡುಗಿಯರು ನಂಬಿರಲಿಲ್ಲ. ಆ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಕಾಡಿನಲ್ಲಿ ಡೇರೆಗೆ ಅರ್ಥವಿದೆ: ಅಲ್ಲಿ ಕಟ್ಟಡ ಕಟ್ಟಬಾರದು, ಬಂದವರು ಬಿಚ್ಚಿಕೊಂಡು ಹೋಗಬೇಕು, ನಾಳೆ ಜಿಂಕೆ ಬಂದರೆ ನಿನ್ನೆ ಯಾರಿದ್ದರೆಂದು ತಿಳಿಯಬಾರದು. ಅಲ್ಲಿಯೂ ಧ್ವನಿವರ್ಧಕ ಹಚ್ಚಿ ಕುಣಿಯುವುದಾದರೆ ಬೇಡ. ಆದರೆ ಅರಣ್ಯದವರ ಕಣ್ಣಳತೆಯಲ್ಲಿ, ಮಿತಿಯೊಳಗೆ, ನಮ್ಮ ಮಕ್ಕಳಿಗೂ ಎಟುಕುವ ದರದಲ್ಲಿ ಡೇರೆ ಹಾಕಿದರೆ ಮೊದಲ ಚೀಟಿ ನಾನೇ ಕೊಳ್ಳುತ್ತೇನೆ.

ಮಳಖೇಡ ಕಾಡಲ್ಲ. ಅದು ಜನ ಬಾಳುವ ಊರು. ಒಂದು ಕಡೆ ಸಿಮೆಂಟಿನ ದೊಡ್ಡ ಕಾರ್ಖಾನೆ, ಒಂದು ಕಡೆ ತೊಗರಿಯ ಹೊಲ, ನಡುವೆ ಕೋಟೆ, ಬಸದಿ, ಮಠ, ದರ್ಗಾ, ಮನೆಗಳು. ಅಲ್ಲಿ ಬಂದವನು ಊರ ಹೊರಗೆ ಬೇಲಿ ಹಾಕಿಕೊಂಡು ಮಲಗಿದರೆ ಊರಿನ ಪಾಲಿಗೆ ಅವನು ಬಂದೇ ಇಲ್ಲ. ನದಿಯ ದಂಡೆಯಲ್ಲಿ ಮಲಗುತ್ತೇನೆಂದರೆ ಕಾಗಿಣಾ ಒಪ್ಪಬೇಕು. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ-ಭೀಮಾ ಎರಡೂ ಉಕ್ಕಿದಾಗ ಈ ದಂಡೆಯ ಊರುಗಳು ಪಟ್ಟ ಪಾಡನ್ನು ಬಲ್ಲವರು ಅಲ್ಲಿ ಮಂಚ ಹಾಕುವ ಮಾತಾಡುವುದಿಲ್ಲ.

ಮೊದಲು ಡೇರೆ, ಆಮೇಲೆ ಉಳಿದದ್ದು ಎಂಬ ದಾರಿ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಹಂಪಿಯ ಎದುರು ದಂಡೆಯ ವಿರುಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ವಿದೇಶಿಯರಿಗಾಗಿ ಗುಡಿಸಲು, ಹೋಟೆಲು, ರೆಸಾರ್ಟುಗಳು ಬೆಳೆದವು. ಊರವರು ಅದನ್ನೇ ನಂಬಿದರು. ಕೋರ್ಟಿನಲ್ಲಿ ಬಹುಕಾಲ ನಡೆದ ವ್ಯಾಜ್ಯ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮುಗಿಯಿತು. ಮರುತಿಂಗಳು ಎಲ್ಲವನ್ನೂ ಕೆಡವಿದರು. ಅಲ್ಲಿ ದುಡಿಯುತ್ತಿದ್ದವರ ಅನ್ನವೂ ಅದರೊಡನೆ ಹೋಯಿತು. ಕಾವಲಿನ ಕೆಲಸವಾದರೂ ಕೆಲಸವೇ ಎಂಬ ಮಾತಿಗೆ ನನ್ನ ಉತ್ತರ ಇದು: ಬುನಾದಿ ಇಲ್ಲದ ಕೆಲಸ ಕೆಲಸವಲ್ಲ, ಆಸೆ.

ಪುಸ್ತಕದ ಹೆಸರಿನಲ್ಲಿ ಬದುಕುವ ಊರುಗಳು ಲೋಕದಲ್ಲಿ ಇವೆ. ವೇಲ್ಸ್ ದೇಶದ ಹೇ ಎಂಬ ಸಣ್ಣ ಊರಿನಲ್ಲಿ ರಿಚರ್ಡ್ ಬೂತ್ ಎಂಬವನು 1960ರ ದಶಕದ ಮೊದಲಲ್ಲಿ ಹಳೆಯ ಪುಸ್ತಕದ ಅಂಗಡಿ ತೆರೆದ. ನೋಡನೋಡುತ್ತ ಊರೆಲ್ಲ ಪುಸ್ತಕದಂಗಡಿಗಳಾದವು. 1988ರಲ್ಲಿ ಅಲ್ಲಿ ಸಾಹಿತ್ಯೋತ್ಸವ ಶುರುವಾಯಿತು. ಈಗ ಉತ್ಸವದ ದಿನಗಳಲ್ಲಿ ಊರ ಸುತ್ತಲ ಹೊಲಗಳಲ್ಲಿ ಡೇರೆಗಳೇ ಡೇರೆಗಳು. ನಮ್ಮ ಹುಡುಗನಿಗೆ ಆಸೆ ಹುಟ್ಟಿಸಿದ ಚಿತ್ರಗಳು ಅಂಥ ಕಡೆಯವೇ ಇರಬೇಕು. ಆದರೆ ಅನುಕ್ರಮ ನೋಡಿ. ಮೊದಲು ಪುಸ್ತಕ, ಆಮೇಲೆ ಓದುವವರು, ಕಡೆಗೆ ಡೇರೆ.

ಅಷ್ಟು ದೂರ ಬೇಡವೆಂದರೆ ನೆರೆಯ ಮಹಾರಾಷ್ಟ್ರಕ್ಕೆ ಬನ್ನಿ. ಪಂಚಗಣಿಯ ಹತ್ತಿರ ಭಿಲಾರ್ ಎಂಬ ಹಳ್ಳಿ, ಸ್ಟ್ರಾಬೆರಿ ಬೆಳೆಯುವವರ ಊರು. 2017ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪುಸ್ತಕಗಳ ಊರು ಮಾಡಿತು. ಮರಾಠಿ ಪುಸ್ತಕಗಳನ್ನು ಒಂದೇ ಕಟ್ಟಡದಲ್ಲಿ ಬೀಗ ಹಾಕಿ ಇಡಲಿಲ್ಲ. ಊರವರ ಮನೆಗಳಲ್ಲಿ, ಗುಡಿಯಲ್ಲಿ, ಶಾಲೆಯಲ್ಲಿ ಇಟ್ಟರು. ಓದಲು ಬಂದವನು ಒಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತು ಓದುತ್ತಾನೆ. ಮರಾಠಿಗರಿಗೆ ಇದು ಸಾಧ್ಯವಾದರೆ, ಕನ್ನಡದ ಮೊದಲ ಉಪಲಬ್ಧ ಗ್ರಂಥದ ಊರಿನಲ್ಲಿ ನಮಗೇಕೆ ಆಗಬಾರದು? ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಉಳಿಸಿಕೊಂಡು ಜೋಪಾನ ಮಾಡಿದವರೂ ಕನ್ನಡಿಗರೇ ತಾನೆ? ಕವಿರಾಜಮಾರ್ಗದ ಪ್ರಕಾರ ಕನ್ನಡ ನಾಡು ಗೋದಾವರಿಯವರೆಗೆ ಇತ್ತು. ಕನ್ನಡಿಗರ ಕಾಳಜಿ ಮಾತ್ರ ತುಂಗಭದ್ರೆ ದಾಟಲು ಇಷ್ಟು ಪ್ರಯಾಸಪಡುತ್ತದೆ.

ನಮ್ಮ ನೆಲಕ್ಕೇ ಈ ಅನುಕ್ರಮ ಗೊತ್ತಿತ್ತು. ನನ್ನ ಶಾಲೆಯಿರುವ ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಇದೆ. ಅಲ್ಲಿ ಘಟಿಕಾಸ್ಥಾನವಿತ್ತು, ಈಗಿನ ಮಾತಿನಲ್ಲಿ ವಿಶ್ವವಿದ್ಯಾಲಯ. 1058ರ ಶಾಸನ ಅಲ್ಲಿನ ಏರ್ಪಾಡನ್ನು ಹೇಳುತ್ತದೆ. ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಉಂಬಳಿ, ಉಪಾಧ್ಯಾಯರಿಗೆ ಉಂಬಳಿ, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರಿಗೆ, ಅಂದರೆ ಗ್ರಂಥಪಾಲಕರಿಗೆ, ಉಂಬಳಿ. ಸಾವಿರ ವರ್ಷದ ಹಿಂದೆ ನಾಗಾವಿಯಲ್ಲಿ ಆರು ಜನ ಗ್ರಂಥಪಾಲಕರಿದ್ದರು. ನನ್ನ ಶಾಲೆಯಲ್ಲಿ ಒಬ್ಬನೂ ಇಲ್ಲ. ಎರಡು ಕಪಾಟಿನ ಬೀಗದ ಕೈ ನನ್ನ ಸೆರಗಿನಲ್ಲಿದೆ. ಅಂದಿನವರು ಓದುವ ಮಕ್ಕಳಿಗೆ ಮೊದಲು ಊಟ, ವಸತಿ, ಪುಸ್ತಕ ಎಂದರು. ಹೆಣ್ಣುಮಕ್ಕಳು ಅಲ್ಲಿ ಇರಲಿಲ್ಲವೆಂಬುದು ನಿಜ. ಆ ಒಂದು ತಿದ್ದುಪಡಿಯನ್ನಾದರೂ ನಾವು ಮಾಡಬೇಡವೆ?

ಇಷ್ಟು ಬೈದ ಮೇಲೆ ನನ್ನ ಪಾಲಿನ ಬೈಗುಳವನ್ನೂ ನಾನು ಪಡೆಯಬೇಕು. 28 ವರ್ಷ ನಾನು ಕವಿರಾಜಮಾರ್ಗವನ್ನು ಹೇಗೆ ಕಲಿಸಿದೆ? ಕನ್ನಡದ ಮೊದಲ ಉಪಲಬ್ಧ ಗ್ರಂಥ ಯಾವುದು, ರಾಷ್ಟ್ರಕೂಟರ ರಾಜಧಾನಿ ಯಾವುದು, ಬಿಟ್ಟ ಸ್ಥಳ ತುಂಬಿರಿ. ಮಕ್ಕಳು ತುಂಬಿದರು, ಅಂಕ ಪಡೆದರು, ಮರೆತರು. ಬಿಟ್ಟ ಸ್ಥಳವನ್ನು ತುಂಬಲು ಕಲಿಸಿದ ನಾನು ಬಿಟ್ಟ ಊರನ್ನು ತುಂಬುವುದನ್ನು ಕಲಿಸಲಿಲ್ಲ. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ 85ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಮೂರು ದಿನ ರಜೆ ಹಾಕಿ ಹೋಗಿದ್ದೆ. ಭಾಷಣ ಕೇಳಿದೆ, ಪುಸ್ತಕ ಕೊಂಡೆ, ಊಟದ ಸಾಲಿನಲ್ಲಿ ನಿಂತೆ. ಮಳಖೇಡದಲ್ಲಿ ಮಕ್ಕಳಿಗೊಂದು ತಂಗುದಾಣ ಬೇಕೆಂದು ಯಾರಲ್ಲಿಯಾದರೂ ಒಂದು ಅರ್ಜಿ ಕೊಡಬೇಕೆಂದು ಆಗ ಹೊಳೆಯಲಿಲ್ಲ. ನಾವು ಮಾಸ್ತರರು, ಸಾಹಿತಿಗಳು, ಪರಿಷತ್ತಿನ ಸದಸ್ಯರು, ಸರ್ಕಾರಗಳು ಎಲ್ಲರೂ ಸೇರಿ ಖಾಲಿ ಬಿಟ್ಟ ಜಾಗಕ್ಕೆ ಆ ಹುಡುಗ ಡೇರೆ ಹೊತ್ತು ಬಂದಿದ್ದಾನೆ. ಅವನಿಗಾದರೂ ಮಳಖೇಡದಲ್ಲಿ ಏನೋ ಇದೆ ಎನಿಸಿತಲ್ಲ!

ಆದ್ದರಿಂದ ನಾನು ಅವನಿಗೆ ನಾಲ್ಕು ಸಾಲು ಬರೆದುಕೊಟ್ಟೆ. ಅವನು ಕೇಳಿದ ನಾಲ್ಕು ಸಾಲುಗಳಲ್ಲ.

ಒಂದನೆಯದು: ಕೋಟೆಯ ಬಳಿ ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಸಂಡಾಸು, ಅದಕ್ಕೆ ನೀರು, ಬಾಗಿಲು, ಒಳಗಿನಿಂದ ಚಿಲಕ, ಮತ್ತು ಅದನ್ನು ತೊಳೆಯುವವರಿಗೆ ತಿಂಗಳ ಸಂಬಳ. ಕಟ್ಟಿ ಫೋಟೋ ತೆಗೆಸಿ ಬೀಗ ಹಾಕುವುದಲ್ಲ.

ಎರಡನೆಯದು: ಊರೊಳಗೆ ಒಂದು ಓದುವ ಮನೆ. ಕವಿರಾಜಮಾರ್ಗದ ಹೊಸಗನ್ನಡ ಗದ್ಯಾನುವಾದ, ಈ ಜಿಲ್ಲೆಯ ಶಾಸನಗಳ ಪುಸ್ತಕಗಳು, ಮಕ್ಕಳ ಕಥೆಗಳು, ದಿನಪತ್ರಿಕೆ. ಭಂಡಾರಿಗರು ಆರು ಬೇಡ, ಒಬ್ಬರಿರಲಿ, ಆ ಊರಿನವರೇ ಇರಲಿ.

ಮೂರನೆಯದು: ನೂರು ಮಕ್ಕಳು ಮಲಗಬಹುದಾದ ಒಂದು ಹಾಲು. ಗೋಡೆ ಭದ್ರವಿರಲಿ, ನೆಲಕ್ಕೆ ಶಹಾಬಾದಿ ಫರಸಿ ಇರಲಿ. ಬೇಸಿಗೆಯಲ್ಲಿ ಅದರ ಮೇಲೆ ಬರೀ ಚಾಪೆ ಹಾಸಿ ಮಲಗಿದರೂ ತಂಪು. ಊರಿನ ಹೆಣ್ಣುಮಕ್ಕಳು ರೊಟ್ಟಿ ಬಡಿದು ಕೊಡಲಿ, ಪಲ್ಯ ಮಾಡಲಿ, ಅದರ ಹಣ ಅವರ ಕೈಗೇ ಬರಲಿ. ಒಂದು ರಾತ್ರಿ ಅಲ್ಲಿ ಉಳಿದ ಹುಡುಗಿ ಮರುದಿನ ನಾಗಾವಿ, ಮೂರನೆಯ ದಿನ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಸನ್ನತಿಯ ನೆಲ ನೋಡಿ ಬರಲಿ. ಅವಳಿಗೆ ಪಠ್ಯಪುಸ್ತಕ ಬೇರೆಯದೇ ಆಗಿ ಕಾಣುತ್ತದೆ.

ನಾಲ್ಕನೆಯದು: ಇವು ಮೂರೂ ಆದ ಮೇಲೆ ನಿನ್ನ ಡೇರೆ. ಕೋಟೆಯಿಂದ ದೂರ, ನದಿಯ ದಂಡೆ ಬಿಟ್ಟು ಎತ್ತರದ ಬೀಳಿನಲ್ಲಿ. ಬಂದವರಿಗೆ ಊರು ತೋರಿಸುವವರು ಊರಿನ ಹುಡುಗ-ಹುಡುಗಿಯರೇ ಆಗಿರಬೇಕು. ಪ್ರತಿ ಡೇರೆಯ ದರದಲ್ಲಿ ಒಂದು ಪಾಲು ಆ ಹಾಲಿಗೆ, ಆ ಸಂಡಾಸಿಗೆ ಹೋಗಬೇಕು. ತಾಂಡಾದವರು ಕುಣಿಯಲೇಬೇಕೆಂದಿದ್ದರೆ ಅವರಿಗೆ ಇಷ್ಟವಿದ್ದ ದಿನ, ಅವರು ಹೇಳಿದ ದರಕ್ಕೆ ಕುಣಿಯಲಿ.

ಹುಡುಗ ಒಂದು ತಿಂಗಳ ಮೇಲೆ ಬಂದು ಹಾಳೆಯನ್ನು ಓದಿದ. ಎರಡು ಸಲ ಓದಿದ. ಆಮೇಲೆ ನಕ್ಕುಬಿಟ್ಟ.

"ಮೇಡಂ, ಇದು ಪುಸ್ತಿಕೆಗಿ ಹಾಕಲಾಕ ಬರಂಗಿಲ್ರಿ. ಇದು ಅರ್ಜಿ ಅದ."

"ಹೌದು ತಮ್ಮಾ. ನೀನೂ ಸಹಿ ಮಾಡು" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಲೆಕ್ಕ ಹಾಕುತ್ತಿದ್ದನೋ, ಯೋಚನೆ ಮಾಡುತ್ತಿದ್ದನೋ ತಿಳಿಯದು. ಕಡೆಗೆ ನನ್ನ ಪೆನ್ನನ್ನೇ ಇಸಿದುಕೊಂಡು ನನ್ನ ಹೆಸರಿನ ಕೆಳಗೆ ಸಹಿ ಮಾಡಿದ. ಗಣಿತದ ಮಾಸ್ತರರೂ ಮಾಡಿದರು. ಮಾಡುವಾಗ, "ಆಗಂಗಿಲ್ಲ ಬಿಡ್ರಿ" ಎಂದರು. ಅರ್ಜಿಯ ಒಂದೊಂದು ಪ್ರತಿ ಎಲ್ಲೆಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಈ ಪ್ರಬಂಧವನ್ನು ಓದುತ್ತಿರುವವರು ತಮ್ಮ ಶಾಲೆಯಿಂದ, ತಮ್ಮ ಊರಿನಿಂದ ಇಂಥದೇ ಒಂದು ಹಾಳೆ ಬರೆದು ಹಾಕಿದರೆ ನಮ್ಮದಕ್ಕೆ ಜೊತೆ ಸಿಗುತ್ತದೆ.

ಅಷ್ಟರವರೆಗೆ ಕೈಕಟ್ಟಿ ಕೂಡುವುದು ಬೇಡವೆಂದು ತೀರ್ಮಾನಿಸಿದ್ದೇನೆ. ಬರುವ ಡಿಸೆಂಬರ್‌ನಲ್ಲಿ ಎಂಟನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಚಿತ್ತಾಪುರದಿಂದ ರೈಲಿನಲ್ಲಿ ಮಳಖೇಡಕ್ಕೆ ಹೋಗುತ್ತೇವೆ. ಕಲ್ಲು ಒಡೆಯುವವರ ಆ ಹುಡುಗಿಯ ಹೆಸರು ಪಟ್ಟಿಯಲ್ಲಿ ಮೊದಲು ಬರೆದಿದ್ದೇನೆ. ಕೋಟೆಯ ಬಳಿಯ ಮನೆಗೆ ಹೇಳಿ ಕಳಿಸಿದೆ. ಮುದುಕಿ ತೀರಿಕೊಂಡಿದ್ದಾಳೆ, ಸೊಸೆ ಇದ್ದಾಳೆ. ಬರ್ರಿ, ಆದರೆ ನೀರಿನ ಟ್ಯಾಂಕರಿನ ಖರ್ಚು ಈ ಸಲ ನೀವೇ ಕೊಡಬೇಕು ಎಂದು ಉತ್ತರ ಬಂತು. ಕೊಡುತ್ತೇವೆ ಎಂದು ಹೇಳಿದ್ದೇನೆ.